‘ತಪ್ಪು’ ತಪ್ಪಲ್ಲ: ತುಳು ಉತ್ತರ ಪತ್ರಿಕೆ ತಿದ್ದುವಾಗ

ಎಂಟನೇ ತರಗತಿಯ ಹುಡುಗಿಯೊಬ್ಬಳು ತುಳು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದಳು: ‘ಅಜ್ಜೆರ್ ಕಿದೆಕ್ ತಪ್ಪು ಪಾಡಿಯೆರ್.’ ಅಜ್ಜ ಹಟ್ಟಿಗೆ ಸೊಪ್ಪು ಹಾಕಿದರು ಅಂತ. ಅವಳ ಪಕ್ಕದಲ್ಲಿ ಕೂರುವ ಹುಡುಗ ಅದೇ ಜಾಗದಲ್ಲಿ ‘ಸಪ್ಪು’ ಅಂತ ಬರೆದಿದ್ದ. ಇಬ್ಬರಿಗೂ ಪೂರ್ತಿ ಅಂಕ ಕೊಟ್ಟೆ. ಸೊಪ್ಪಿಗೆ ತುಳುವಿನಲ್ಲಿ ತಪ್ಪು, ಸಪ್ಪು, ಚಪ್ಪು, ಹಪ್ಪು ಎಲ್ಲವೂ ಇವೆ. ಊರು ಬದಲಾದರೆ, ಮನೆ ಬದಲಾದರೆ ಮೊದಲ ಅಕ್ಷರ ಬದಲಾಗುತ್ತದೆ. ಇದು ಗೊತ್ತಿಲ್ಲದವರು ಕೆಂಪು ಪೆನ್ನು ಹಿಡಿದರೆ ಒಂದು ಮಗುವಿನ ಮನೆಮಾತೇ ತಪ್ಪಾಗಿಬಿಡುತ್ತದೆ.

ಇನ್ನೊಂದು ತೊಡಕು ಲಿಪಿಯದು. ‘ಯಾನ್ ಬತ್ತೆ’ ಅಂದರೆ ನಾನು ಬಂದೆ. ‘ಆಯೆ ಬತ್ತೆ’ ಅಂದರೆ ಅವನು ಬಂದ. ಕನ್ನಡ ಅಕ್ಷರದಲ್ಲಿ ಎರಡೂ ‘ಬತ್ತೆ’. ಬಾಯಲ್ಲಿ ಎರಡೂ ಬೇರೆ. ನಾನು ಬಂದೆ ಅನ್ನುವಾಗ ಕೊನೆಯ ಸ್ವರಕ್ಕೆ ಬಾಯಿ ಜಾಸ್ತಿ ತೆರೆಯುತ್ತದೆ. ತುಳು ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಈ ವ್ಯತ್ಯಾಸ ಇದೆ, ಇದು ತಮ್ಮ ಭಾಷೆಯ ವ್ಯಾಕರಣ ಅನ್ನುವುದು ಅವರಿಗೆ ಗೊತ್ತಾಗುವುದು ಶಾಲೆಯಲ್ಲೇ. ಬೋರ್ಡಿನ ಮೇಲೆ ಎರಡನ್ನೂ ಬರೆದು ಓದಿಸಿದಾಗ ತರಗತಿಯೇ ಬೆರಗಾಗುತ್ತದೆ. ಹುಟ್ಟಿದಾಗಿನಿಂದ ಆಡಿದ ಮಾತನ್ನು ಅವರು ಅವತ್ತು ಮೊದಲ ಸಲ ಕಿವಿಗೊಟ್ಟು ಕೇಳುತ್ತಾರೆ.

ತುಳು ಹೈಸ್ಕೂಲಿನವರೆಗೆ ಬಂದದ್ದು ಸುಲಭದಲ್ಲಿ ಅಲ್ಲ. ತೃತೀಯ ಭಾಷೆಯಾಗಿ ಕಲಿತು ಎಸ್ಸೆಸ್ಸೆಲ್ಸಿಯಲ್ಲಿ ಅದನ್ನು ಬರೆದ ಮೊದಲ ತಂಡ 2014-15ರದ್ದು. ಬರೆದವರು 18 ಮಕ್ಕಳು. 2011ರ ಜನಗಣತಿಯಲ್ಲಿ ತುಳು ತಮ್ಮ ಮಾತೃಭಾಷೆ ಎಂದವರು 18 ಲಕ್ಷಕ್ಕೂ ಜಾಸ್ತಿ. ಆಮೇಲೆ ಪರೀಕ್ಷೆಯಲ್ಲಿ ತುಳು ಬರೆಯುವವರ ಸಂಖ್ಯೆ ನೂರುಗಳಿಗೆ ಏರಿತು. ನಾನು ಪಾಠ ಮಾಡಿದ ವರ್ಷಗಳಲ್ಲಿ ಒಟ್ಟು 625 ಅಂಕ, ಅದರಲ್ಲಿ ತೃತೀಯ ಭಾಷೆಗೆ 100. ಬರವಣಿಗೆಗೆ 80, ಆಂತರಿಕ ಅಂಕ 20.

ಆ 100 ಅಂಕಕ್ಕೆ ನಾನು ಯಾಕೆ ಇಷ್ಟು ಬೆಲೆ ಕೊಡುತ್ತೇನೆ? ಪ್ರತಿ ವರ್ಷ ಯಾರಾದರೂ ತಂದೆ ಬಂದು ಇದನ್ನೇ ಕೇಳುತ್ತಾರೆ. ‘ಮಾಷ್ಟ್ರೇ, ತುಳು ಮನೆಯಲ್ಲೇ ಬರ್ತದಲ್ಲ, ಶಾಲೆಯಲ್ಲಿ ಯಾಕೆ? ಹಿಂದಿ ಬಿಟ್ರೆ ನಾಳೆ ಬೊಂಬಾಯಿಗೆ ಹೋದಾಗ ಕಷ್ಟ ಆಗ್ಲಿಕ್ಕಿಲ್ವಾ?’ ಅವರ ಭಯ ಸುಳ್ಳಲ್ಲ. ತುಳುನಾಡಿನ ಎಷ್ಟೋ ಮನೆಗಳ ಅನ್ನ ಮುಂಬೈನ ಹೋಟೆಲುಗಳಿಂದಲೇ ಬಂದಿದೆ. ನಾನು ಹೇಳುವುದಿಷ್ಟೆ: ಮುಂಬೈಗೆ ಹೋದ ಮೊದಲ ತಲೆಮಾರು ಹಿಂದಿಯನ್ನು ಕಲಿತದ್ದು ಅಲ್ಲಿಗೆ ಹೋದ ಮೇಲೆ. ತುಳು ಓದಲು ಬರೆಯಲು ಮಾತ್ರ ಅಲ್ಲಿ ಯಾರೂ ಕಲಿಸುವುದಿಲ್ಲ. ಮಾತು ಬರುವುದು ಬೇರೆ, ಅದರಲ್ಲಿ ಒಂದು ಪುಟ ಬರೆಯುವುದು ಬೇರೆ ಅಲ್ವಾ?

ಆಂತರಿಕ ಅಂಕಕ್ಕೆ ಅಂತ ನಾನು ಒಂದು ಕೆಲಸ ಕೊಡುತ್ತಿದ್ದೆ. ಮನೆಯ ಹಿರಿಯರ ಹತ್ತಿರ ಕೂತು ಬೇಸಾಯದ ಮಾತುಗಳನ್ನು ಬರೆದು ತನ್ನಿ ಅಂತ. ಏಣೆಲ್, ಸುಗ್ಗಿ, ಕೊಳಕೆ ಎಂಬ ಭತ್ತದ ಮೂರು ಬೆಳೆ, ನೇಜಿ (ಭತ್ತದ ಸಸಿ) ನೆಡುವ ದಿನದ ಕೆಲಸ, ಗದ್ದೆಯಲ್ಲಿ ಹಾಡುವ ಪಾಡ್ದನದ ಒಂದೆರಡು ಸಾಲು. ಗದ್ದೆ ಬೇಸಾಯ ಬಿಟ್ಟು ಅಡಿಕೆ ಹಾಕಿದ ಮನೆಗಳಲ್ಲಿ ಈ ಪದಗಳನ್ನು ಬಲ್ಲವರು ಅಜ್ಜಿಯಂದಿರು ಮಾತ್ರ. ಓದು ಬರಹ ಬಾರದ ಒಬ್ಬರು ಅಜ್ಜಿ ಮೊಮ್ಮಗನ ಜೊತೆ ಶಾಲೆಗೇ ಬಂದರು. ಅವನು ಬರೆದದ್ದನ್ನು ನನ್ನಿಂದ ಗಟ್ಟಿಯಾಗಿ ಓದಿಸಿ, ಎರಡು ಕಡೆ ತಿದ್ದಿಸಿದರು. ಆ ಮಾತುಗಳಿಗೆ ಅಂಕ ಉಂಟು ಅಂತ ತಿಳಿದಾಗ ಅವರ ಮುಖದಲ್ಲಿ ಕಂಡ ಗೆಲುವು ನನಗಿನ್ನೂ ನೆನಪಿದೆ. ಸುಮ್ನೆ ಒಂದು ಸಾಂಸ್ಕೃತಿಕ ದಿನ ಆಚರಿಸಿದ್ದರೆ ಅವರು ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಈಗ ನನ್ನ ಚಿಂತೆ ಬೇರೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿತು. ಕನ್ನಡ ಅಥವಾ ಮಾತೃಭಾಷೆ, ಜೊತೆಗೆ ಇಂಗ್ಲಿಷ್. ಹಿಂದಿಯ ಹೊರೆ ಇಳಿಯಿತು ಅಂತ ಖುಷಿಪಟ್ಟವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ತೃತೀಯ ಭಾಷೆಯ ಅದೇ ಬೆಂಚಿನ ತುದಿಯಲ್ಲಿ ತುಳು, ಕೊಂಕಣಿ ಕೂತಿವೆ. ‘ಅಥವಾ’ ಅನ್ನುವ ಪದ ನಮ್ಮ ಮಕ್ಕಳಿಗೆ ಆಗಿಬರುವುದಿಲ್ಲ. ತುಳು ಮನೆಯ ಮಗುವಿಗೆ ಕನ್ನಡವೂ ಬೇಕು, ತುಳುವೂ ಬೇಕು. ಕನ್ನಡ ಬಿಟ್ಟು ತುಳು ಆರಿಸಿಕೊ ಅಂದರೆ ಯಾವ ಮನೆಯೂ ಒಪ್ಪುವುದಿಲ್ಲ, ಒಪ್ಪಲೂ ಬಾರದು. ಕಡ್ಡಾಯ ಬೇಡ ಅಂದರೆ ಬೇಡ. ಬೇಕೆಂದವರು ಬರೆಯಲು ಅಂಕವುಳ್ಳ ಒಂದು ಪತ್ರಿಕೆ ಉಳಿಯಲಿ. ಬ್ಯಾರಿಗೆ, ಅರೆಭಾಷೆಗೆ ಇನ್ನೂ ಆ ಜಾಗವೂ ಸಿಕ್ಕಿಲ್ಲ. ನನ್ನ ತರಗತಿಯಲ್ಲಿ ಆ ಮನೆಗಳ ಮಕ್ಕಳೂ ತುಳು ಬರೆದು ಪಾಸಾದರು. ಅವರ ಮನೆಮಾತಿನ ಸಾಲ ನಮ್ಮ ಮೇಲಿದೆ.

ಮಗುವನ್ನು ಆರನೇ ತರಗತಿಗೆ ಸೇರಿಸುವವರಿಗೆ ಒಂದು ಮಾತು. ತುಳು ಇದೆಯಾ ಅಂತ ಮಾತ್ರ ಕೇಳಬೇಡಿ, ಹತ್ತನೆಯವರೆಗೂ ಕಲಿಸುವವರು ಇರುತ್ತಾರಾ ಅಂತಲೂ ಕೇಳಿ. ಗೌರವಧನಕ್ಕೆ ದುಡಿಯುವವರು ಬೇರೆ ಕೆಲಸ ಸಿಕ್ಕರೆ ಹೊರಡುತ್ತಾರೆ, ಅವರನ್ನು ದೂರಿ ಪ್ರಯೋಜನವಿಲ್ಲ. ಹಾಗಾದಾಗ ಮಗು ಎಂಟನೆಯಲ್ಲಿ ಹಿಂದಿಯನ್ನು ಅಕ್ಷರಮಾಲೆಯಿಂದ ಶುರುಮಾಡಬೇಕಾಗುತ್ತದೆ. ಇಂಥ ಇಬ್ಬರು ಮಕ್ಕಳಿಗೆ ಸಂಜೆ ಶಾಲೆ ಬಿಟ್ಟ ಮೇಲೆ ನಾನೇ ಹಿಂದಿ ಹೇಳಿಕೊಟ್ಟಿದ್ದೇನೆ.