ದೃಢೀಕೃತ ನಕಲು: ಮದುವೆಯ ದಾಖಲೆ ಬೇಕಾದವರಿಗೆ

ಹಾಸನದ ಯಾವುದೇ ಜೆರಾಕ್ಸ್ ಅಂಗಡಿಯಲ್ಲಿ ಮದುವೆಯ ಪ್ರಮಾಣ ಪತ್ರದ ಪ್ರತಿ ಕ್ಷಣದಲ್ಲಿ ಸಿಗುತ್ತದೆ. ಅದರ ಮೇಲೆ ನೋಟರಿಯವರ ಮುದ್ರೆ ಹಾಕಿಸಬಹುದು, ಗೆಜೆಟೆಡ್ ಅಧಿಕಾರಿಯಿಂದ ಹಸಿರು ಶಾಯಿಯ ಸಹಿಯನ್ನೂ ಪಡೆಯಬಹುದು. ಇಷ್ಟೆಲ್ಲ ಆದರೂ ಅದು ಕಾನೂನಿನ ಅರ್ಥದಲ್ಲಿ ‘ದೃಢೀಕೃತ ನಕಲು’ ಅಲ್ಲ. ತಮಗೆ ತೋರಿಸಿದ ಕಾಗದಕ್ಕೂ ಈ ಪ್ರತಿಗೂ ವ್ಯತ್ಯಾಸವಿಲ್ಲ ಎಂಬುದಷ್ಟೇ ಆ ಸಹಿ, ಮುದ್ರೆಗಳ ಅರ್ಥ. ತೋರಿಸಿದ ಕಾಗದವೇ ಸಾಚಾ ಹೌದೋ ಅಲ್ಲವೋ ಎಂಬ ಹೊಣೆ ಅವುಗಳಿಗಿಲ್ಲ.

ದೃಢೀಕೃತ ನಕಲನ್ನು ಕೊಡಬಲ್ಲವರು ಮೂಲ ದಾಖಲೆ ಯಾರ ವಶದಲ್ಲಿದೆಯೋ ಆ ಅಧಿಕಾರಿ ಮಾತ್ರ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಂ ಇದನ್ನು ಸ್ಪಷ್ಟಪಡಿಸುತ್ತದೆ. ಸಾರ್ವಜನಿಕ ದಾಖಲೆಯನ್ನು ನೋಡುವ ಹಕ್ಕುಳ್ಳವರು ಶುಲ್ಕ ಕಟ್ಟಿ ಕೇಳಿದರೆ ಅಧಿಕಾರಿ ನಕಲು ಕೊಡಬೇಕು. ಅದರ ಕೊನೆಯಲ್ಲಿ ‘ಇದು ನಿಜ ಪ್ರತಿ’ ಎಂದು ಬರೆದು, ದಿನಾಂಕ, ಹೆಸರು, ಹುದ್ದೆಯೊಂದಿಗೆ ಸಹಿ ಮಾಡಿ, ಮುದ್ರೆ ಇದ್ದಲ್ಲಿ ಮುದ್ರೆ ಒತ್ತಬೇಕು. 1872ರ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಇದೇ ಮಾತು 76ನೇ ಕಲಮಿನಲ್ಲಿತ್ತು. ಇಂಥ ನಕಲನ್ನು ನ್ಯಾಯಾಲಯವೂ ಒಪ್ಪುತ್ತದೆ, ಮೂಲ ಪುಸ್ತಕವನ್ನೇ ಹೊತ್ತು ತರಬೇಕಾಗಿಲ್ಲ.

ಮನೆಯ ಬೀರುವಿನಲ್ಲಿರುವ ಪ್ರಮಾಣ ಪತ್ರವನ್ನು ನಾವು ‘ಒರಿಜಿನಲ್’ ಎನ್ನುತ್ತೇವೆ. ನಿಜವಾದ ಮೂಲವೆಂದರೆ ಕಚೇರಿಯ ವಿವಾಹ ನೋಂದಣಿ ಪುಸ್ತಕದಲ್ಲಿರುವ ನಮೂದು. ಹಾಗಾಗಿ ಪತ್ರ ಕಳೆದುಹೋದರೆ, ಗೆದ್ದಲು ತಿಂದರೆ ಗಾಬರಿಪಡುವ ಅಗತ್ಯವಿಲ್ಲ. ತೋಟದ ಕ್ರಯಪತ್ರ ಕಳೆದಾಗ ಉಪನೋಂದಣಾಧಿಕಾರಿ ಕಚೇರಿಯಿಂದ ನಕಲು ತೆಗೆಸುವುದು ಸಕಲೇಶಪುರ, ಮೂಡಿಗೆರೆ ಕಡೆಯ ಬೆಳೆಗಾರರಿಗೆ ಗೊತ್ತಿರುವ ಕೆಲಸ; ಮದುವೆಯ ದಾಖಲೆಯೂ ಅದೇ ಕಚೇರಿಯಲ್ಲಿರುತ್ತದೆ.

ಹಿಂದೂ ವಿವಾಹ ಕಾಯ್ದೆ, 1955ರ 8ನೇ ಕಲಂ ಪ್ರಕಾರ ಈ ಪುಸ್ತಕ ಯುಕ್ತ ವೇಳೆಯಲ್ಲಿ ಪರಿಶೀಲನೆಗೆ ತೆರೆದಿರಬೇಕು, ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ದೃಢೀಕೃತ ಪ್ರತಿ ಕೊಡಬೇಕು. ನಮ್ಮ ಮದುವೆಯ ವಿವರವನ್ನು ಬೇರೆಯವರು ನೋಡುವುದೇ ಎಂದು ಕೆಲವರಿಗೆ ಕಸಿವಿಸಿಯಾಗುತ್ತದೆ. ಊರಿಗೆಲ್ಲ ಲಗ್ನಪತ್ರಿಕೆ ಹಂಚಿ, ಛತ್ರದಲ್ಲಿ ಪಂಕ್ತಿಯ ಮೇಲೆ ಪಂಕ್ತಿ ಊಟ ಹಾಕಿಸಿದವರಿಗೆ ಈ ಸಂಕೋಚ ಏಕೋ! ಮೊದಲೇ ಒಂದು ಮದುವೆಯಾಗಿದ್ದನ್ನು ಮುಚ್ಚಿಟ್ಟವನು ಸಿಕ್ಕಿಬೀಳುವುದು ಇಂಥ ತೆರೆದ ಪುಸ್ತಕದಿಂದಲೇ.

ಎಡವುವುದು ಬಹುಮಟ್ಟಿಗೆ ಕಚೇರಿ ಯಾವುದು ಎಂಬಲ್ಲಿ. ನೋಂದಣಿ ಎಲ್ಲಾಗಿದೆಯೋ ಅಲ್ಲಿಯೇ ನಕಲು. ಅರಸೀಕೆರೆಯ ದಂಪತಿ ಧರ್ಮಸ್ಥಳದಲ್ಲಿ ಮದುವೆಯಾಗಿ ನೋಂದಣಿಯನ್ನೂ ಅಲ್ಲಿನ ತಾಲ್ಲೂಕು ಕೇಂದ್ರದಲ್ಲಿ ಮಾಡಿಸಿದ್ದರೆ ದಾಖಲೆ ಇರುವುದು ಬೆಳ್ತಂಗಡಿಯಲ್ಲಿ. ಅರಸೀಕೆರೆಯಲ್ಲಿ ಎಷ್ಟು ಹುಡುಕಿಸಿದರೂ ಸಿಗದು. ದೇವಸ್ಥಾನ ಅಥವಾ ಕಲ್ಯಾಣ ಮಂಟಪದ ರಸೀದಿ ನೋಂದಣಿಯಲ್ಲ, ಅದರ ಆಧಾರದ ಮೇಲೆ ನಕಲು ಹುಟ್ಟುವುದಿಲ್ಲ. ಈಗಿನ ನೋಂದಣಿಗಳು ರಾಜ್ಯದ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿವೆ. ಹಳೆಯದಾದರೆ ನೋಂದಣಿ ಸಂಖ್ಯೆ, ಅದಿಲ್ಲದಿದ್ದರೆ ಇಬ್ಬರ ಹೆಸರು ಮತ್ತು ಅಂದಾಜು ವರ್ಷವನ್ನಾದರೂ ಕೊಡಬೇಕು. ನೆನಪಿಡಿ, ಮದುವೆಯಾದ ವರ್ಷ ಮತ್ತು ನೋಂದಣಿಯಾದ ವರ್ಷ ಬೇರೆ ಬೇರೆ ಇರಬಹುದು.

ಪುಸ್ತಕದಲ್ಲಿ ಇದ್ದದ್ದು ಇದ್ದಂತೆಯೇ ನಕಲಿನಲ್ಲಿ ಬರುತ್ತದೆ. ಆಧಾರ್ ಕಾರ್ಡಿನಲ್ಲಿ ‘ರಂಗೇಗೌಡ’, ಪುಸ್ತಕದಲ್ಲಿ ಬರೀ ‘ರಂಗಪ್ಪ’ ಎಂದಿದ್ದರೆ ನಕಲಿನಲ್ಲೂ ರಂಗಪ್ಪನೇ. ಹೆಸರಿನ ಹಿಂದೆ ಮುಂದೆ ಗೌಡ, ಶೆಟ್ಟಿ, ಇನಿಷಿಯಲ್ ಸೇರಿಸುವುದು ಬಿಡುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ ಈ ತಕರಾರು ಆಗಾಗ ಏಳುತ್ತದೆ. ತಿದ್ದುಪಡಿಗೆ ಬೇರೆಯೇ ಅರ್ಜಿ, ಬೇರೆಯೇ ಪುರಾವೆ ಬೇಕು. ನಕಲು ಕೇಳುವ ಅರ್ಜಿಯಲ್ಲಿ ‘ಹೆಸರು ಸರಿಪಡಿಸಿ ಕೊಡಿ’ ಎಂದು ಬರೆದರೆ ಉಪಯೋಗವಿಲ್ಲ.

ನೋಂದಣಿಯೇ ಆಗಿರದ ಹಿರಿಯರ ಮದುವೆಗಳ ಕಥೆ? ನೋಂದಣಿ ಇಲ್ಲವೆಂದ ಮಾತ್ರಕ್ಕೆ ಮದುವೆ ಅಸಿಂಧುವಾಗದು ಎಂದು ಅದೇ 8ನೇ ಕಲಂ ಹೇಳುತ್ತದೆ. ಆದರೆ ಇಲ್ಲದ ನಮೂದಿಗೆ ನಕಲು ಎಲ್ಲಿಂದ ಬರಬೇಕು? ಮೊದಲು ಈಗಲಾದರೂ ನೋಂದಣಿ ಮಾಡಿಸಬೇಕು. ಮದುವೆಗಳ ನೋಂದಣಿಯನ್ನು ಕಡ್ಡಾಯಗೊಳಿಸುವಂತೆ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದ್ದು 2006ರಲ್ಲಿ. ಅದಕ್ಕೂ ಹಿಂದಿನ ಮದುವೆಗಳಲ್ಲಿ ನೋಂದಣಿಯಾಗದವೇ ಹೆಚ್ಚು.

ವಿಶೇಷ ವಿವಾಹ ಕಾಯ್ದೆ, 1954ರಡಿ ಆದ ಮದುವೆಯಾದರೆ 47ನೇ ಕಲಂ ಪ್ರಕಾರ ವಿವಾಹಾಧಿಕಾರಿಯೇ ನಕಲು ಕೊಡುತ್ತಾರೆ. ಚರ್ಚಿನಲ್ಲಿ ಆದದ್ದಕ್ಕೆ 1872ರ ಕ್ರೈಸ್ತ ವಿವಾಹ ಕಾಯ್ದೆಯಿದೆ. ಅದರ 79ನೇ ಕಲಂ ಪ್ರಕಾರ ದಾಖಲೆ ಪುಸ್ತಕ ಯಾರ ವಶದಲ್ಲಿದೆಯೋ ಅವರು ಶುಲ್ಕ ಪಡೆದು ಹುಡುಕಲು ಬಿಡಬೇಕು, ಪ್ರತಿಯನ್ನೂ ಕೊಡಬೇಕು.

ಸಂಗಾತಿಯ ವೀಸಾಕ್ಕಾಗಿ ನಕಲು ತೆಗೆಸುವವರು ಅಪಾಸ್ಟಿಲ್ (ನಮ್ಮ ದಾಖಲೆಯನ್ನು ಹೊರದೇಶದವರು ಒಪ್ಪಲೆಂದು ಹಾಕುವ ದೃಢೀಕರಣ) ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಭಾರತದಲ್ಲಿ 2005ರಿಂದ ಇದು ಚಾಲ್ತಿಯಲ್ಲಿದೆ. ರಾಜ್ಯ ಮಟ್ಟದ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯ ಅದನ್ನು ಹಾಕುತ್ತದೆ. ಆ ಮುದ್ರೆಗಳೆಲ್ಲ ಕಾಗದದ ಮೇಲೆಯೇ ಬೀಳಬೇಕಾದ್ದರಿಂದ ನಕಲಿಗೆ ಲ್ಯಾಮಿನೇಷನ್ ಮಾಡಿಸಬೇಡಿ.