ಕಾವಲಿ ಮುಂದೆ ನಿಂತ ಮಾತ್ರಕ್ಕೆ ದೋಸೆ ಬರಲ್ಲ

ದಾವಣಗೆರೆಯಲ್ಲಿ ನಾನು ಬೆಣ್ಣೆದೋಸೆ ತಿಂದಿದ್ದಕ್ಕಿಂತ ಅದಕ್ಕಾಗಿ ಕಾದಿದ್ದೇ ಜಾಸ್ತಿ. ಭಾನುವಾರ ಬೆಳಿಗ್ಗೆ ಕಾವಲಿ ಮುಂದೆ ಅರ್ಧ ಗಂಟೆ ನಿಂತರೆ ಎಲ್ಲ ಕಾಣುತ್ತದೆ: ನೀರು ಚಿಮುಕಿಸುವುದು, ಹಿಟ್ಟು ಹುಯ್ದು ತಿರುಗಿಸುವುದು, ಮೇಲೊಂದು ಬೆಣ್ಣೆ ಮುದ್ದೆ. ಹಿಟ್ಟಿಗೆ ಮಂಡಕ್ಕಿ ಸೇರಿಸುತ್ತಾರೆ ಅನ್ನುವ ಗುಟ್ಟೂ ಗೊತ್ತು. ಒಂದು ದಿನ ಧೈರ್ಯ ಮಾಡಿ "ಅಣ್ಣ, ಒಂದು ನಾನು ಹಾಕ್ಲಾ?" ಅಂದೆ. "ಹಾಕ್ರಿ, ಆದ್ರೆ ನೀವೇ ತಿನ್ಬೇಕು" ಅಂದ. ಹಾಕಿದೆ. ಅದು ದುಂಡಗೂ ಇರಲಿಲ್ಲ, ಬೆಂದೂ ಇರಲಿಲ್ಲ. ನಾನೇ ತಿಂದೆ.

ಇದೇ ಎಡವಟ್ಟನ್ನು ಆನ್‌ಲೈನ್ ಡಿಗ್ರಿಯಲ್ಲೂ ಮಾಡಿಕೊಂಡೆ. ಮಂಡಿಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ಕೆಲಸ ಮುಗಿದ ಮೇಲೆ ರಾತ್ರಿ ಎಂ.ಕಾಂ. ಓದು. ಮೊದಲ ಸೆಮಿಸ್ಟರಿನಲ್ಲಿ ಒಂದೂ ವಿಡಿಯೊ ಬಿಡಲಿಲ್ಲ. ಪ್ರತಿ ಪಾಠದ ಮುಂದೆ ಹಸಿರು ಟಿಕ್ ಬಿದ್ದಿತ್ತು, ಅದನ್ನು ನೋಡಿ ಸಮಾಧಾನವೂ ಆಗುತ್ತಿತ್ತು, ಕಾಸ್ಟ್ ಅಕೌಂಟಿಂಗ್ ಮಾತ್ರ ಫೇಲ್.

ಸುಮ್ನೆ ಸೋಮಾರಿತನ ಅಂತ ಬೈದುಕೊಳ್ಳಬಹುದಿತ್ತು. ಆದರೆ ಸೋಮಾರಿಯಾಗಿರಲಿಲ್ಲ ನಾನು, ಅದೇ ಬೇಜಾರು. ಆಮೇಲೆ ಗೊತ್ತಾಗಿದ್ದು, ನೋಡಿದ್ದನ್ನೇ ಬಂತು ಅಂದುಕೊಳ್ಳುವ ಈ ಮೋಸಕ್ಕೆ ಪ್ರಯೋಗಗಳಲ್ಲೇ ಸಾಕ್ಷಿ ಇದೆ. ಮೈಕಲ್ ಕಾರ್ಡಸ್ ಮತ್ತು ಎಡ್ ಒಬ್ರಯನ್ ಎಂಬ ಸಂಶೋಧಕರು 2018ರಲ್ಲಿ ಒಂದು ಮಜವಾದ ಪ್ರಯೋಗ ಪ್ರಕಟಿಸಿದರು. ಮೇಜಿನ ಮೇಲೆ ತಟ್ಟೆ ಲೋಟ ಇಟ್ಟು, ಅವು ಬೀಳದ ಹಾಗೆ ಕೆಳಗಿನ ಬಟ್ಟೆಯನ್ನು ಸರಕ್ಕನೆ ಎಳೆಯುತ್ತಾರಲ್ಲ, ಆ ಚಮತ್ಕಾರದ ವಿಡಿಯೊ. ಕೆಲವರು ಒಂದೇ ಸಲ ನೋಡಿದರು, ಕೆಲವರು 20 ಸಲ. ಜಾಸ್ತಿ ನೋಡಿದವರಿಗೆ "ಇದು ನನ್ನ ಕೈಲಾಗುತ್ತೆ" ಅನ್ನುವ ನಂಬಿಕೆ ಜಾಸ್ತಿಯಾಯಿತು. ಇಂಥದೇ ಬೇರೆ ಕಸರತ್ತುಗಳನ್ನು ನಿಜಕ್ಕೂ ಮಾಡಿಸಿ ನೋಡಿದರೆ, ಕೈಚಳಕ ಏನೂ ಬೆಳೆದಿರಲಿಲ್ಲ. ಧೈರ್ಯವಷ್ಟೇ ಬೆಳೆದಿತ್ತು. ನನ್ನ ದೋಸೆಯ ಕಥೆಯೂ ಅದೇ ಅಲ್ವಾ?

ಪುಸ್ತಕದ ಓದಿನಲ್ಲೂ ಹೀಗೇ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಕಾಲೇಜು ಹುಡುಗರಿಗೆ ಒಂದು ಪಾಠ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಸಲ ಓದಿತು. ಇನ್ನೊಂದು ಗುಂಪು ಒಂದೇ ಸಲ ಓದಿ, ಉಳಿದ ಮೂರು ಸಲ ಪುಟ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಓದಿದವರೇ ಮುಂದು: ಅವರಿಗೆ ಶೇ 83 ನೆನಪು, ಬರೆದವರಿಗೆ ಶೇ 71. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಲೆಕೆಳಗಾಯಿತು: ಓದಿದವರಿಗೆ ಶೇ 40 ನೆನಪು, ಬರೆದವರಿಗೆ ಶೇ 61. ಪರೀಕ್ಷೆ ಐದು ನಿಮಿಷಕ್ಕೆ ಇರಲ್ಲ, ಅದೇ ತಾಪತ್ರಯ. ಓದಿದ ಕೂಡಲೇ "ಬಂತು" ಅನ್ನಿಸುತ್ತದೆ, ಆ ಅನ್ನಿಸಿಕೆಯನ್ನು ನಂಬಿ ನಾವು ಮುಂದಿನ ವಿಡಿಯೊಗೆ ಹೋಗುತ್ತೇವೆ. ಪುಟ ಮುಚ್ಚಿ ಕೂತರೆ ಏನೂ ಬರಲ್ಲ, ತಲೆ ಕೆರೆದುಕೊಳ್ಳಬೇಕು, ನಾಚಿಕೆಯಾಗುತ್ತದೆ. ನೆನಪು ಗಟ್ಟಿಯಾಗುವುದು ಆ ತಡಕಾಟದಲ್ಲೇ.

ವಿಡಿಯೊ ಪಾಠಕ್ಕೆ ಇನ್ನೊಂದು ಕಾಟ ಇದೆ, ಮನಸ್ಸು ಎಲ್ಲೋ ಹೋಗುವುದು. ಕ್ಲಾಸಿನಲ್ಲಾದರೆ ಮೇಷ್ಟ್ರು ಹೆಸರು ಕೂಗುತ್ತಾರೆ. ಫೋನು ಕೂಗಲ್ಲ. 2013ರಲ್ಲಿ ಹಾರ್ವರ್ಡಿನ ಕಾರ್ಲ್ ಸ್ಪುನಾರ್ ಮತ್ತು ಸಂಗಡಿಗರು 21 ನಿಮಿಷದ ಸಂಖ್ಯಾಶಾಸ್ತ್ರದ ವಿಡಿಯೊವನ್ನು ನಾಲ್ಕು ತುಂಡು ಮಾಡಿ, ಒಂದು ಗುಂಪಿಗೆ ಪ್ರತಿ ತುಂಡಿನ ನಂತರ ಪುಟ್ಟ ಪ್ರಶ್ನೆಗಳನ್ನು ಕೊಟ್ಟರು. ನಡುನಡುವೆ "ಈಗ ಮನಸ್ಸು ಎಲ್ಲಿದೆ" ಅಂತ ಕೇಳಿದಾಗ, ಪ್ರಶ್ನೆ ಇಲ್ಲದವರು ಶೇ 41ರಷ್ಟು ಸಲ ಬೇರೆಲ್ಲೋ ಇದ್ದರು. ಪ್ರಶ್ನೆ ಇದ್ದವರು ಶೇ 19 ಮಾತ್ರ. ಹಾಗಾಗಿ ಈಗ ನಾನು ಐದಾರು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸುತ್ತೇನೆ. ಹಳೇ ಲೆಡ್ಜರಿನ ಹಿಂದಿನ ಪುಟದಲ್ಲಿ ಮೂರು ಸಾಲು ಗೀಚುತ್ತೇನೆ. ಬರದಿದ್ದರೆ ಹಿಂದಕ್ಕೆ.

ಇನ್ನು ಪುನರಾವರ್ತನೆ. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವನ್ನೂ ಒಂದೇ ಉಸಿರಿಗೆ ನುಂಗುವುದು ನಮ್ಮೆಲ್ಲರ ಹಳೇ ಚಟ. ಅದೇ ಗಂಟೆಗಳನ್ನು ಬೇರೆ ಬೇರೆ ದಿನಕ್ಕೆ ಹಂಚಿದರೆ ಜಾಸ್ತಿ ಉಳಿಯುತ್ತದೆ, ಇದನ್ನು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು ಹೇಳಿದ್ದ, ಪಾಪ, ಅರ್ಥವಿಲ್ಲದ ಪದಗಳನ್ನು ಬಾಯಿಪಾಠ ಮಾಡಿಕೊಂಡು ಕೂತಿರುತ್ತಿದ್ದ. ಪರೀಕ್ಷೆ ದೂರ ಇದ್ದಷ್ಟೂ ಎರಡು ಓದಿನ ನಡುವಿನ ಅಂತರವೂ ದೊಡ್ಡದಿರಬೇಕು. ಒಂದು ವಾರ ಇದ್ದರೆ ಒಂದೆರಡು ದಿನ ಬಿಟ್ಟು ನೋಡಿದರೆ ಸಾಕು, ತಿಂಗಳಿದ್ದರೆ ಒಂದು ವಾರ ಬಿಟ್ಟರೂ ನಷ್ಟ ಇಲ್ಲ. ಸ್ವಲ್ಪ ಮರೆತ ಮೇಲೆ ನೆನೆಸಿಕೊಂಡರೇ ಲಾಭ.

ಹೊತ್ತು ಎಲ್ಲಿಂದ ತರೋದು ಅನ್ನೋದು ನಿಜವಾದ ಪ್ರಶ್ನೆ. "ಟೈಮ್ ಸಿಕ್ಕಾಗ ಓದ್ತೀನಿ" ಅಂದರೆ ಆ ಟೈಮ್ ಸಿಗಲ್ಲ. ಗೋಲ್‌ವಿಟ್ಜರ್ ಎಂಬ ಮನೋವಿಜ್ಞಾನಿ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳಿಸಬೇಕಿತ್ತು. ಯಾವಾಗ, ಎಲ್ಲಿ ಕೂತು ಬರೆಯುತ್ತೇನೆ ಅಂತ ಮೊದಲೇ ಗೊತ್ತು ಮಾಡಿಕೊಂಡವರಲ್ಲಿ ಹೊತ್ತಿಗೆ ಸರಿಯಾಗಿ ಮುಗಿಸಿದವರು ಉಳಿದವರ ಎರಡು ಪಟ್ಟಿಗೂ ಜಾಸ್ತಿ. ನನ್ನದು ಹೀಗೆ: ಅಂಗಡಿ ಷಟರ್ ಎಳೆದ ಮೇಲೆ, ಗಲ್ಲಾಪೆಟ್ಟಿಗೆ ಪಕ್ಕದಲ್ಲೇ, 40 ನಿಮಿಷ. ಮನೆಗೆ ಹೋದರೆ ಟಿವಿ ಇದೆ, ಊಟ ಇದೆ, ಮಗಳ ಹೋಮ್‌ವರ್ಕ್ ಇದೆ.

ಈ ಡಿಗ್ರಿಗೆ ಬೆಲೆ ಇದೆಯಾ ಅಂತ ಕೇಳುವವರು ದಿನಾ ಒಬ್ಬರು ಸಿಗುತ್ತಾರೆ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರುವ ಸಂಸ್ಥೆಯ ಆನ್‌ಲೈನ್ ಡಿಗ್ರಿ, ಕಾಲೇಜಿಗೆ ಹೋಗಿ ಪಡೆದ ಡಿಗ್ರಿಗೆ ಸಮ ಅಂತ ಯುಜಿಸಿಯೇ 2022ರಲ್ಲಿ ಹೇಳಿದೆ. ಸೇರುವ ಮೊದಲು ಅದರ ಪಟ್ಟಿಯಲ್ಲಿ ನಿಮ್ಮ ಕೋರ್ಸಿನ ಹೆಸರು ಇದೆಯಾ ಅಂತ ನೋಡಿಕೊಳ್ಳಿ, ಏಜೆಂಟನ ಮಾತು ಕೇಳಬೇಡಿ.

ಮೊನ್ನೆ ರಾತ್ರಿ ಬ್ರೇಕ್ ಈವನ್ ಪಾಯಿಂಟ್ ಪಾಠ ಮುಗಿಸಿ, ಬೆಳ್ಳುಳ್ಳಿ ಸುಲಿಯುತ್ತಿದ್ದ ಹೆಂಡತಿಗೆ ವಿವರಿಸಿದೆ. ಬೇರೆಯವರಿಗೆ ಹೇಳಿಕೊಡಲು ಹೋದಾಗ ನಮ್ಮ ತಿಳಿವಳಿಕೆಯ ತೂತು ನಮಗೇ ಕಾಣುತ್ತದೆ. ಬಾಡಿಗೆಯಂಥ ಕದಲದ ಖರ್ಚನ್ನು, ಒಂದೊಂದು ದೋಸೆಯಲ್ಲಿ ಉಳಿಯುವ ಕಾಸಿನಿಂದ ಭಾಗಿಸಬೇಕು ಅಂದೆ. ಬಾಡಿಗೆ 12,000, ಒಂದು ದೋಸೆಗೆ 25 ರೂಪಾಯಿ ಉಳಿದರೆ 480 ದೋಸೆ.

"ಓ, ಅಸಲು ಹುಟ್ಟೋದಾ?" ಅಂದಳು. "ಅಷ್ಟು ಹೇಳೋಕೆ ಇಷ್ಟು ಹೊತ್ತಾ?"

"ಹೂಂ."

"ಸರಿ, ಬೆಣ್ಣೆ ರೇಟು ಏರಿದ್ರೆ?"

ಬಾಯಿ ತೆರೆದೆ. ಉತ್ತರ ಬರಲಿಲ್ಲ. ಲೆಡ್ಜರು ಎತ್ತಿಕೊಂಡು ಮತ್ತೆ ಕೂತೆ.