ಟಿಕೋಪಿಯಾ: ಐದು ಚದರ ಕಿಲೋಮೀಟರಿನಲ್ಲಿ ಮೂರು ಸಾವಿರ ವರ್ಷ ಹೇಗೆ ಬದುಕಿದರು?

ಓದುಗರ ಪ್ರಶ್ನೆ: ಪೆಸಿಫಿಕ್ ಸಾಗರದ ಟಿಕೋಪಿಯಾ ಅನ್ನೋ ಪುಟ್ಟ ದ್ವೀಪದ ಜನ ಹಿರಿಯರ ಸಂಪ್ರದಾಯ ಬಿಡದೇ ಇದ್ದಿದ್ದಕ್ಕೇ ಅಲ್ಲಿನ ಪರಿಸರ ಹಾಳಾಗದೆ ಉಳಿದಿದೆ ಅಂತಾರೆ. ಇದು ನಿಜವಾ?

ಅರ್ಧ ನಿಜ. ಉಳಿದುಕೊಂಡಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಸಂಪ್ರದಾಯ ಬಿಡಲೇ ಇಲ್ಲ ಅನ್ನೋದು ತಪ್ಪು. ಬಿಡಬೇಕಾದಾಗ ಬಿಟ್ಟಿದ್ದಾರೆ, ಅದೂ ದೊಡ್ಡ ದೊಡ್ಡದನ್ನೇ.

ಮೊದಲು ಜಾಗ ಹೇಗಿದೆ ನೋಡಿ. ಸಾಲೊಮನ್ ದ್ವೀಪಗಳ ದೇಶಕ್ಕೆ ಸೇರಿದ್ದು, ಆದರೆ ಅದರ ಪೂರ್ವದ ತುದಿಯಲ್ಲಿ ಎಲ್ಲೋ ಒಂಟಿಯಾಗಿದೆ. ಹಳೆಯ ಜ್ವಾಲಾಮುಖಿಯ ಬೆಟ್ಟ, ಅದರ ಮಗ್ಗುಲಲ್ಲಿ ತೆ ರೊಟೊ ಅನ್ನೋ ಕೆರೆ, ಸುತ್ತ ಒಂದಿಷ್ಟು ಬಯಲು, ಮುಗೀತು. ಜನ ಸುಮಾರು 1,200. ಹತ್ತಿರದ ಅನುಟಾ ದ್ವೀಪಕ್ಕೆ ಹೋಗಬೇಕೆಂದರೂ ನೂರು ಕಿಲೋಮೀಟರಿಗಿಂತ ಜಾಸ್ತಿ ಸಮುದ್ರ ದಾಟಬೇಕು, ಅದು ಇದಕ್ಕಿಂತಲೂ ಚಿಕ್ಕದು.

1970ರ ದಶಕದಲ್ಲಿ ಪ್ಯಾಟ್ರಿಕ್ ಕಿರ್ಚ್ ಮತ್ತು ಡಗ್ಲಸ್ ಯೆನ್ ಅನ್ನೋ ಸಂಶೋಧಕರು ಇಲ್ಲಿ ನೆಲ ಅಗೆದು ನೋಡಿದರು. ತೀರಾ ಕೆಳಗಿನ ಪದರಗಳಲ್ಲಿ ಸಿಕ್ಕಿದ್ದು ಕಾಡು ಸುಟ್ಟ ಇದ್ದಿಲು, ರಾಶಿ ರಾಶಿ ಹಕ್ಕಿ ಮೂಳೆ, ಆಮೆ ಮೂಳೆ, ದೊಡ್ಡ ದೊಡ್ಡ ಚಿಪ್ಪು. ಅಂದರೆ ಮೊದಲು ಬಂದವರು ಎಲ್ಲರ ಹಾಗೆಯೇ ಕಡಿದರು, ಸುಟ್ಟರು, ಸಿಕ್ಕಿದ್ದನ್ನೆಲ್ಲ ತಿಂದರು. ಮೇಲೆ ಬಂದ ಹಾಗೆ ಹಕ್ಕಿ, ಆಮೆ ಕಡಿಮೆಯಾಗುತ್ತವೆ, ಹಂದಿ ಮೂಳೆ ಜಾಸ್ತಿಯಾಗುತ್ತದೆ. ಆಮೇಲೆ ಸುಮಾರು 1600ರ ಹೊತ್ತಿಗೆ ಹಂದಿಯೂ ಇಲ್ಲ! ಹಂದಿಗಳು ತೋಟಕ್ಕೆ ನುಗ್ಗಿ ಬೆಳೆ ಹಾಳು ಮಾಡುತ್ತಿದ್ದವು, ಅದಕ್ಕೇ ಎಲ್ಲವನ್ನೂ ಕೊಂದು ಹಾಕಿದೆವು ಅಂತ ದ್ವೀಪದವರೇ ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಇವರು ಪಾಲಿನೇಷ್ಯನ್ನರು, ಪೆಸಿಫಿಕ್‌ನ ಪಾಲಿನೇಷ್ಯದಲ್ಲಿ ಹಂದಿ ಅಂದರೆ ಹಬ್ಬದೂಟ, ಮುಖಂಡರ ಮರ್ಯಾದೆ. ಅದನ್ನು ಬಿಡುವುದು ಸುಮ್ನೆ ಮಾತಲ್ಲ.

ಹಂದಿ ಹೋದಮೇಲೆ ನಿಂತಿದ್ದು ಮರದ ತೋಟ. ದೂರದಿಂದ ನೋಡಿದರೆ ದಟ್ಟ ಕಾಡು. ಒಳಗೆ ಕಾಲಿಟ್ಟರೆ ಒಂದೊಂದು ಗಿಡಕ್ಕೂ ಒಂದು ಉಪಯೋಗ ಇದೆ: ಮೇಲೆ ತೆಂಗು, ಜೀಗುಜ್ಜೆ (ಬ್ರೆಡ್‌ಫ್ರೂಟ್), ಬಾದಾಮಿಯಂಥ ಕಾಯಿ ಬಿಡುವ ಮರಗಳು, ಅವುಗಳ ನೆರಳಲ್ಲಿ ಬಾಳೆ, ಇನ್ನೂ ಕೆಳಗೆ ಗೆಣಸು, ಕೆಸುವಿನ ಗೆಡ್ಡೆ. ಅರಿಸಿನವೂ ಇದೆ, ಅದರ ಬಣ್ಣ ತೆಗೆಯುವುದೇ ಹಿಂದೆ ಒಂದು ದೊಡ್ಡ ಪೂಜೆಯಾಗಿತ್ತು. ಎಲೆ, ಅಡಿಕೆ, ಸುಣ್ಣ ಹಾಕಿ ಜಗಿಯುವ ಅಭ್ಯಾಸವೂ ಇವರಿಗಿದೆ, ನಮ್ಮ ಹಿರಿಯರಿಗೆ ಅಲ್ಲಿ ಹೋದರೆ ಬೇಜಾರಾಗೋದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮಾಸಿ, ಅಂದರೆ ಹುಳಿ ಬರಿಸಿ ಕೂಡಿಡುವ ಜೀಗುಜ್ಜೆ. ಜೀಗುಜ್ಜೆ ಒಂದೇ ಸಲ ಸಿಕ್ಕಾಪಟ್ಟೆ ಬಿಡುತ್ತದೆ, ಆಮೇಲೆ ಇರೋದಿಲ್ಲ. ಹಾಗಾಗಿ ಸಿಪ್ಪೆ ಹೆರೆದು, ನೆಲದಲ್ಲಿ ಗುಂಡಿ ತೋಡಿ, ಒಳಗೆಲ್ಲ ಎಲೆ ಹಾಸಿ, ತುಂಬಿ, ಮೇಲೆ ಎಲೆ ಮುಚ್ಚಿ ಕಲ್ಲು ಹೇರುತ್ತಾರೆ. ಒಳಗೇ ಹುಳಿ ಬಂದು ಮುದ್ದೆಯಾಗುತ್ತದೆ. ಕರಾವಳಿಯವರು ಮಳೆಗಾಲಕ್ಕೆ ಹಲಸಿನ ಸೊಳೆಯನ್ನು ಉಪ್ಪುನೀರಲ್ಲಿ ಹಾಕಿಡುತ್ತಾರಲ್ಲ, ಅದೇ ಲೆಕ್ಕ, ಆದರೆ ಇಲ್ಲಿ ಉಪ್ಪಿಲ್ಲ, ವಾಸನೆ ಮಾತ್ರ ಜೋರು. ಹಾಗೇ ಬಿಟ್ಟರೂ ವರ್ಷಗಟ್ಟಲೆ ಕೆಡುವುದಿಲ್ಲ. ಬೇಕಾದಾಗ ತೆಗೆದು, ತೆಂಗಿನ ಹಾಲು ಸೇರಿಸಿ ಬೇಯಿಸಿ ತಿನ್ನುತ್ತಾರೆ.

ಮರದ ಮೇಲಿರುವುದನ್ನು ಗಾಳಿ ಕಿತ್ತುಕೊಂಡು ಹೋಗಬಹುದು, ನೆಲದೊಳಗೆ ಇರುವುದನ್ನಲ್ಲ. 2002ರ ಡಿಸೆಂಬರ್ ಕೊನೆಯಲ್ಲಿ ಝೋಯಿ ಚಂಡಮಾರುತ ಬಂದಾಗ ಮನೆ, ತೋಟ ಎಲ್ಲ ಹೋಯಿತು. ಹೊರಗಿನವರಿಗೆ ದಿನಗಟ್ಟಲೆ ಸುದ್ದಿಯೇ ಇರಲಿಲ್ಲ, ಎಲ್ಲರೂ ಸತ್ತಿರಬೇಕು ಅಂದುಕೊಂಡವರೂ ಇದ್ದರು. ಒಬ್ಬರೂ ಸತ್ತಿರಲಿಲ್ಲ. ಗಾಳಿಯ ಲಕ್ಷಣ ನೋಡಿಯೇ ಎತ್ತರದ ಜಾಗಕ್ಕೆ ಹೋಗಿ ಗುಹೆ, ಬಂಡೆಗಳ ಸಂದಿಯಲ್ಲಿ ಕೂತಿದ್ದರು.

ಇಷ್ಟು ಓದಿ ವಾಹ್ ಅನ್ನುವ ಮೊದಲು ಇನ್ನೊಂದು ಮುಖವನ್ನೂ ನೋಡಬೇಕು, ಇದನ್ನು ಹೇಳುವವರು ಕಡಿಮೆ. ರೇಮಂಡ್ ಫರ್ತ್ ಅನ್ನೋ ಮಾನವಶಾಸ್ತ್ರಜ್ಞ 1928-29ರಲ್ಲಿ ಇಲ್ಲಿದ್ದರು. ನಾಲ್ಕು ಕುಲ, ನಾಲ್ಕು ಮುಖಂಡರು. ತೆಂಗಿನಕಾಯಿ ಕಡಿಮೆಯಾದರೆ ಮುಖಂಡ ನಿಷೇಧ ಹಾಕಿದ ಅಂದರೆ ಮುಗೀತು, ಯಾರೂ ಮುಟ್ಟುವ ಹಾಗಿಲ್ಲ. ಇಷ್ಟು ಸರಿ. ಆದರೆ ಜನಸಂಖ್ಯೆಯ ಮೇಲೂ ಕಡಿವಾಣ ಇತ್ತು, ಅದು ಕಟುವಾಗಿತ್ತು: ತಮ್ಮಂದಿರು ಮದುವೆಯಾಗದೆ ಉಳಿಯುವುದು, ಗರ್ಭಪಾತ, ಹುಟ್ಟಿದ ಮಗುವನ್ನೇ ಕೊಲ್ಲುವುದು, ಗಂಡಸರು ಮರಳಿ ಬರುವ ಭರವಸೆಯಿಲ್ಲದೆ ದೋಣಿ ಹತ್ತಿ ಹೋಗುವುದು. ನೆಲಕ್ಕಾಗಿ ಒಂದು ಗುಂಪಿನವರು ಇನ್ನೊಂದು ಗುಂಪನ್ನು ಸಮುದ್ರಕ್ಕೆ ಅಟ್ಟಿದ ಕಥೆಗಳನ್ನೂ ಅವರೇ ಫರ್ತ್‌ಗೆ ಹೇಳಿದ್ದಾರೆ. ಇದನ್ನೆಲ್ಲ ಬಿಟ್ಟು ತೋಟ, ಮಾಸಿ ಮಾತ್ರ ತೋರಿಸಿ 'ಪ್ರಕೃತಿಯ ಜೊತೆ ಬದುಕಿದ ಜನ' ಅಂದರೆ ನಾವು ಅವರಿಗೆ ಮರ್ಯಾದೆ ಕೊಟ್ಟ ಹಾಗಲ್ಲ, ಅಲ್ವಾ?

ಕ್ರೈಸ್ತ ಮತ, ಸರ್ಕಾರ ಬಂದಮೇಲೆ ಈ ಕಡಿವಾಣಗಳು ಸಡಿಲವಾದವು. 1929ರಲ್ಲಿ ಸುಮಾರು 1,300 ಇದ್ದವರು 1952ರ ಹೊತ್ತಿಗೆ ಸುಮಾರು 1,750 ಆದರು. ಸರಿಯಾಗಿ ಅದೇ ಸಮಯಕ್ಕೆ ಎರಡು ಚಂಡಮಾರುತ ಬಂದು ಬರಗಾಲ ಬಿತ್ತು. ಫರ್ತ್ ಮತ್ತೆ ಬಂದು ನೋಡಿದ್ದು ಹಸಿವು ಮತ್ತು ಆಹಾರದ ಕಳ್ಳತನ.

ಆಮೇಲೆ ಹುಡುಕಿಕೊಂಡ ದಾರಿ ವಲಸೆ. ರಸೆಲ್ ದ್ವೀಪ, ಮಕಿರಾ, ರಾಜಧಾನಿ ಹೊನಿಯಾರಾ, ಎಲ್ಲ ಕಡೆ ಈಗ ಟಿಕೋಪಿಯಾದವರು ಇದ್ದಾರೆ. ಊರಲ್ಲಿ ಉಳಿದವರಿಗೆ ಬೇರೆಯದೇ ಚಿಂತೆ. ಝೋಯಿ ಬಂದಾಗ ಕೆರೆ ಮತ್ತು ಸಮುದ್ರದ ನಡುವಿನ ದಿಬ್ಬ ಒಡೆದು ಉಪ್ಪುನೀರು ಒಳಗೆ ಬಂತು, ಕೆರೆಯ ಮೀನಿಗೂ ದಡದ ಬೆಳೆಗೂ ಪೆಟ್ಟು ಬಿತ್ತು. 2006ರಲ್ಲಿ ಹೊರಗಿನವರ ನೆರವು ಪಡೆದು, ತಂತಿ ಬುಟ್ಟಿಗಳಿಗೆ ಕಲ್ಲು ತುಂಬಿ ಜನರೇ ಆ ಬಾಯಿ ಮುಚ್ಚಿದರು.